ಬೈಲಾದಲ್ಲಿ ಕೋರಂ ಸಾಲು ಗೊಂದಲವಾಗಿದ್ರೆ ಅದನ್ನ ಓದೋದು ಹೇಗೆ

ತುಮಕೂರಲ್ಲಿ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ನಾಲ್ಕು ವರ್ಷ ಕಾರ್ಯದರ್ಶಿ ಆಗಿದ್ದೆ, ಅದ್ರಲ್ಲಿ ಒಂದು ವರ್ಷದ ವಾರ್ಷಿಕ ಸಭೆ ಇವತ್ತಿಗೂ ಮನಸ್ಸಲ್ಲಿ ಕೂತಿದೆ. ಬೈಲಾದಲ್ಲಿ, ಅಂದ್ರೆ ಸಂಘದ ನಿಯಮಾವಳಿಯಲ್ಲಿ, ಕೋರಂ ಬಗ್ಗೆ (ಸಭೆ ತೀರ್ಮಾನ ಮಾಡೋಕೆ ಕನಿಷ್ಠ ಎಷ್ಟು ಸದಸ್ಯರು ಹಾಜರಿರ್ಬೇಕು ಅನ್ನೋ ಲೆಕ್ಕ) ಇದ್ದಿದ್ದು ಒಂದೇ ಸಾಲು, "ಸರ್ವ ಸದಸ್ಯರ ಸಭೆಗೆ ಒಟ್ಟು ಸದಸ್ಯರ ಮೂರನೇ ಒಂದು ಭಾಗ ಕೋರಂ ಇರತಕ್ಕದ್ದು". ಸದಸ್ಯರ ಪುಸ್ತಕದಲ್ಲಿ 212 ಹೆಸರು. ಅದ್ರಲ್ಲಿ 17 ಜನ ತೀರ್ಕೊಂಡಿದ್ರು ಆದ್ರೆ ಯಾರೂ ಹೆಸರು ತೆಗೆದಿರ್ಲಿಲ್ಲ, ಇನ್ನು 31 ಜನ ಎರಡು ಮೂರು ವರ್ಷದಿಂದ ಚಂದಾ ಕಟ್ಟಿರ್ಲಿಲ್ಲ. ಅವತ್ತು ಹಾಜರಿ ಪುಸ್ತಕದಲ್ಲಿ ಬಿದ್ದಿದ್ದು 58 ಸಹಿ. ಎಲ್ಲಾ ಹೆಸರೂ ಲೆಕ್ಕ ಹಿಡಿದ್ರೆ 71 ಬೇಕು, ಕೋರಂ ಇಲ್ಲ. ಬದುಕಿರೋ, ಚಂದಾ ಕಟ್ಟಿರೋ 164 ಜನ ಮಾತ್ರ ಹಿಡಿದ್ರೆ 55 ಸಾಕು, ಕೋರಂ ಇದೆ.

ಅಜೆಂಡಾದಲ್ಲಿದ್ದಿದ್ದು ಬೋರ್‌ವೆಲ್ ನೀರಿನ ವಂತಿಗೆ ಜಾಸ್ತಿ ಮಾಡೋ ವಿಷಯ. ಜಾಸ್ತಿ ಆಗ್ಲಿ ಅನ್ನೋರೆಲ್ಲ 55 ಅಂದ್ರು, ಬೇಡ ಅನ್ನೋರೆಲ್ಲ 71 ಅಂದ್ರು. ನನಗೆ ನೋವಾಗಿದ್ದು ಏನಂದ್ರೆ ಅದರ ಹಿಂದಿನ ವರ್ಷ ಪಾರ್ಕ್ ಬೇಲಿ ವಿಷಯದಲ್ಲಿ ಇದೇ ಜನ ಸರಿಯಾಗಿ ಉಲ್ಟಾ ಮಾತಾಡಿದ್ರು. ಆಮೇಲೆ ಮನೆಗೆ ಬಂದು ಹಾಜರಿ ಪುಸ್ತಕ ತೆಗೆದು ನೋಡಿದ್ರೆ 58ನೇ ಸಹಿ ಪಕ್ಕ ಯಾರೋ ಪೆನ್ಸಿಲ್ಲಲ್ಲಿ 71 ಅಂತ ಬರೆದು ಸುತ್ತ ಎರಡು ಸಲ ಗೆರೆ ಎಳೆದಿದ್ರು, ಒತ್ತಿ ಎಳೆದಿದ್ದಕ್ಕೆ ಹಾಳೆ ಹಿಂದುಗಡೆ ಉಬ್ಬಿತ್ತು. ಅಕ್ಕಪಕ್ಕದ ಮನೆಯವರು, ಹಬ್ಬಕ್ಕೆ ಎಳ್ಳು ಬೆಲ್ಲ ಹಂಚ್ಕೊಳೋರು, ಮೂರು ತಿಂಗಳು ಮಾತಾಡ್ಲಿಲ್ಲ.

ಅದಕ್ಕೇ ಇದನ್ನ ಬರೀತಿದೀನಿ. ಕೋರಂ ಸಾಲಿನ ಅರ್ಥ ಏನು ಅನ್ನೋದನ್ನ ಸಭೆಗೆ ಮುಂಚೆ, ಯಾರ ಪರ ಹೋಗತ್ತೆ ಅಂತ ಗೊತ್ತಾಗೋಕೂ ಮುಂಚೆ ನಿಶ್ಚಯ ಮಾಡ್ಕೊಬೇಕು. ಸಭೆಯಲ್ಲಿ ತಲೆ ಎಣಿಸಿದ್ಮೇಲೆ ಬೈಲಾ ಓದೋಕೆ ಕೂತ್ರೆ ಎಷ್ಟೇ ಒಳ್ಳೆಯವರಾದ್ರೂ ತಮಗೆ ಬೇಕಾದ ಅರ್ಥಾನೇ ಕಣ್ಣಿಗೆ ಬೀಳೋದು.

ಮೊದಲು ಸರಿಯಾದ ಕಾಪಿ ಕೈಗೆ ತಗೊಳ್ಳಿ. ಬಹಳಷ್ಟು ಸಂಘದಲ್ಲಿ ಬೈಲಾ ಅಂತ ಓಡಾಡೋದು ಜೆರಾಕ್ಸ್‌ನ ಜೆರಾಕ್ಸ್, ಮಧ್ಯೆ ಯಾರೋ ಅಧ್ಯಕ್ಷರು ಪೆನ್ನಲ್ಲಿ ತಿದ್ದಿರ್ತಾರೆ, 1/3 ಇದ್ದಿದ್ದು 1/5 ಆಗಿರತ್ತೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಣಿ ಆದ ಸಂಘ ಆದ್ರೆ ಅಸಲಿ ಬೈಲಾ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿರತ್ತೆ, ಅಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ಈಸ್ಕೊಳ್ಳಿ. ಹಾಲು ಉತ್ಪಾದಕರ ಸಂಘ, ಸೊಸೈಟಿ ಬ್ಯಾಂಕು, ಗೃಹ ನಿರ್ಮಾಣ ಸಹಕಾರ ಸಂಘ ಇವೆಲ್ಲ ಬೇರೆ ದಾರಿ, ಅವಕ್ಕೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959 ಅನ್ವಯ ಆಗತ್ತೆ. ನಿಮ್ಮ ಸಂಘ ಯಾವ ಕಾಯ್ದೆ ಕೆಳಗೆ ಬರತ್ತೆ ಅನ್ನೋದು ನೋಂದಣಿ ಪ್ರಮಾಣಪತ್ರದಲ್ಲೇ ಬರೆದಿರತ್ತೆ, ಅದನ್ನ ಮೊದಲು ನೋಡಿ. ಯಾಕಂದ್ರೆ ಕಾಯ್ದೆ ಒಂದು ಹೇಳಿ ಬೈಲಾ ಇನ್ನೊಂದು ಹೇಳಿದ್ರೆ ಕಾಯ್ದೆ ಮಾತೇ ನಡೆಯೋದು, ಅದರ ಕೆಳಗೆ ನಿಯಮಗಳು, ಅದರ ಕೆಳಗೆ ನೋಂದಣಿ ಆದ ಬೈಲಾ, ಅದರ ಕೆಳಗೆ ಸಂಘ ಮಾಡಿದ ಠರಾವು, ಕಟ್ಟಕಡೆಗೆ "ನಾವು ಹಿಂದಿನಿಂದ ಹಿಂಗೇ ಮಾಡ್ಕೊಂಡು ಬಂದಿದೀವಿ" ಅನ್ನೋ ರೂಢಿ. ರೂಢಿಗೆ ಬೆಲೆ ಇಲ್ಲ ಅಂತಲ್ಲ, ಬೈಲಾ ಅಸ್ಪಷ್ಟ ಇದ್ದಾಗ ಅದು ದಾರಿ ತೋರಿಸತ್ತೆ, ಆದ್ರೆ ಬೈಲಾ ಸ್ಪಷ್ಟ ಇದ್ದಾಗ ಅದನ್ನ ಮೀರೋಕಾಗಲ್ಲ. ಇಂಗ್ಲಿಷ್ ಒಂದು ಕಾಪಿ, ಕನ್ನಡ ಒಂದು ಕಾಪಿ ಇದ್ರೆ ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಓದಿ, ಇಂಗ್ಲಿಷ್‌ನಲ್ಲಿ ಮತದ ಹಕ್ಕು ಇರೋ ಸದಸ್ಯರು ಅಂತ ಇದ್ದಿದ್ದು ಕನ್ನಡಕ್ಕೆ ಬರೋವಾಗ ಬರೀ "ಸದಸ್ಯರು" ಆಗಿರಬಹುದು. ಆಗ ನೋಂದಣಿ ಆಗಿರೋ ಕಾಪಿ ಯಾವುದೋ ಅದನ್ನೇ ಹಿಡ್ಕೊಳ್ಳಿ.

ಇನ್ನು ಓದೋ ಕೆಲಸ. ಕೋರಂ ಸಾಲನ್ನ ಒಂದು ಹಾಳೆ ಮೇಲೆ ಕೈಯಲ್ಲಿ ಬರ್ಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆದು ಓದೋದಕ್ಕೂ ಕೈಯಲ್ಲಿ ಬರೆಯೋದಕ್ಕೂ ವ್ಯತ್ಯಾಸ ಇದೆ, ಬರೆಯೋವಾಗ ಒಂದೊಂದು ಪದಾನೂ ತಡೆಯತ್ತೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹೇಳ್ಕೊಟ್ಟಿದ್ದು ಇದು. "ಮೇಷ್ಟ್ರೇ, ಇದ್ರಲ್ಲಿ ಏನಿದೆ ಓದೋಕೆ, ಒಂದು ಸಾಲು ಅಲ್ವಾ" ಅಂದೆ. "ಒಂದು ಸಾಲಲ್ಲಿ ಐದು ಜಗಳ ಇದೆ ಕಣಪ್ಪ, ಬರಿ" ಅಂದ್ರು. ಬರೆದ್ಮೇಲೆ ನಿಜ ಅನ್ನಿಸ್ತು.

ಮೊದಲನೇ ಜಗಳ, ಎಲ್ಲದಕ್ಕಿಂತ ದೊಡ್ಡದು, ಯಾರ ಮೂರನೇ ಒಂದು ಭಾಗ ಅನ್ನೋದು. "ಒಟ್ಟು ಸದಸ್ಯರು" ಅಂದ್ರೆ ಪುಸ್ತಕದಲ್ಲಿರೋರಾ, ಮತದ ಹಕ್ಕು ಇರೋರಾ? ಉತ್ತರ ಕೋರಂ ಸಾಲಲ್ಲಿ ಇರಲ್ಲ, ಬೈಲಾ ಶುರುವಿನಲ್ಲಿ "ಸದಸ್ಯ ಎಂದರೆ" ಅಂತ ವ್ಯಾಖ್ಯಾನ ಇರತ್ತಲ್ಲ ಅಲ್ಲಿರತ್ತೆ, ಇಲ್ಲಾಂದ್ರೆ "ಸದಸ್ಯತ್ವ ರದ್ದಾಗುವುದು" ಅನ್ನೋ ಕಲಮಿನಲ್ಲಿರತ್ತೆ. ಅಲ್ಲಿ "ಮರಣ, ರಾಜೀನಾಮೆ, ಅಥವಾ ಒಂದು ವರ್ಷ ಚಂದಾ ಕಟ್ಟದಿದ್ದಲ್ಲಿ ಸದಸ್ಯತ್ವ ತಾನಾಗಿಯೇ ರದ್ದು" ಅಂತಿದ್ರೆ ಸುಸ್ತಿದಾರರು ಸದಸ್ಯರೇ ಅಲ್ಲ, ಲೆಕ್ಕಕ್ಕೆ ಬರಲ್ಲ. "ಚಂದಾ ಬಾಕಿ ಇದ್ದವರಿಗೆ ಮತದ ಹಕ್ಕು ಇರುವುದಿಲ್ಲ" ಅಂತ ಮಾತ್ರ ಇದ್ರೆ? ಅವರು ಸದಸ್ಯರು ಹೌದು, ಮತ ಮಾತ್ರ ಇಲ್ಲ, ಆಗ "ಒಟ್ಟು ಸದಸ್ಯರು" ಅನ್ನೋ ಪದಕ್ಕೆ ಅವರನ್ನೂ ಸೇರಿಸೋದೇ ಪದಕ್ಕೆ ಹತ್ತಿರವಾದ ಅರ್ಥ ಅಂತ ನನ್ನ ಅಭಿಪ್ರಾಯ. ಬೈಲಾದಲ್ಲಿ ಬೇರೆ ಕಡೆ "ಮತದಾನದ ಹಕ್ಕುಳ್ಳ ಸದಸ್ಯರು" ಅನ್ನೋ ಪದ ಬಳಸಿ ಕೋರಂ ಕಲಮಿನಲ್ಲಿ ಮಾತ್ರ ಬರೀ "ಒಟ್ಟು ಸದಸ್ಯರು" ಅಂದಿದ್ರೆ ಇನ್ನೂ ಗಟ್ಟಿ, ಬರೆದವರಿಗೆ ಎರಡರ ವ್ಯತ್ಯಾಸ ಗೊತ್ತಿತ್ತು ಅಂತಾಯ್ತು. ನಮ್ಮದು ಹಂಗೇ ಇತ್ತು. ಅಂದ್ರೆ ಜಾಸ್ತಿ ವಂತಿಗೆ ಬೇಕು ಅಂತ ಓಡಾಡಿದ್ದ ನಾನೇ ನನಗೆ ಬೇಡದ ಅರ್ಥ ಒಪ್ಕೊಬೇಕಾಯ್ತು.

ಆದ್ರೆ ತೀರ್ಕೊಂಡವರ ಹೆಸರು ಯಾವ ಅರ್ಥದಲ್ಲೂ ನಿಲ್ಲಲ್ಲ. ಅದಕ್ಕೆ ಸಭೆ ನೋಟೀಸ್ ಹೊರಡಿಸೋ ಮುಂಚೆ ಕಾರ್ಯಕಾರಿ ಸಮಿತಿ ಕೂತು ಸದಸ್ಯರ ಪುಸ್ತಕ ಪರಿಷ್ಕಾರ ಮಾಡ್ಬೇಕು, ತೀರ್ಕೊಂಡವರು, ರಾಜೀನಾಮೆ ಕೊಟ್ಟವರು, ಮನೆ ಮಾರಿ ಹೋದವರು (ಮನೆ ಮಾರಿದ್ರೆ ಸದಸ್ಯತ್ವ ಹೋಗತ್ತೆ ಅಂತ ಬೈಲಾದಲ್ಲಿದ್ರೆ ಮಾತ್ರ), ಒಬ್ಬೊಬ್ಬರ ಹೆಸರೂ ನಡಾವಳಿಯಲ್ಲಿ ಬರೆದು ತೆಗೀಬೇಕು. ನಾವು 17 ಹೆಸರು ತೆಗೆದ್ಮೇಲೆ ಉಳಿದಿದ್ದು 195, ಮೂರನೇ ಒಂದು ಭಾಗ 65. ಅಂದ್ರೆ 71ಕ್ಕೂ 55ಕ್ಕೂ ಜಗಳ ಆಡಿದ್ವಲ್ಲ, 71 ಅನ್ನೋ ಸಂಖ್ಯೆಗೆ ಆಧಾರಾನೇ ಇರ್ಲಿಲ್ಲ.

ಎರಡನೇದು "ಅಥವಾ". ಪಕ್ಕದ ಬಡಾವಣೆ ಸಂಘದ ಬೈಲಾದಲ್ಲಿ "ಒಟ್ಟು ಸದಸ್ಯರ ಮೂರನೇ ಒಂದು ಭಾಗ ಅಥವಾ 40 ಸದಸ್ಯರು" ಅಂತಿದೆ, ಯಾವುದು ಕಡಿಮೆಯೋ ಅದಾ ಯಾವುದು ಹೆಚ್ಚೋ ಅದಾ ಹೇಳಿಲ್ಲ. ಇಂಥ ಕಡೆ "ಸಾಮಾನ್ಯವಾಗಿ ಕಡಿಮೆ ಇರೋದೇ ತಗೋತಾರೆ" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಕಾನೂನಿನಲ್ಲಿ ಎರಡೂ ಥರ ಇದೆ. ಸಂವಿಧಾನದ 189ನೇ ವಿಧಿ ರಾಜ್ಯ ವಿಧಾನಮಂಡಲದ ಸದನಕ್ಕೆ 10 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅದು ಅನ್ನತ್ತೆ, 224 ಜನರ ನಮ್ಮ ವಿಧಾನಸಭೆಗೆ ಹಂಗಾಗಿ 23 ಜನ ಬೇಕು. ಅದೇ ಗ್ರಾಮಸಭೆಗೆ ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಒಂದು ಕಡೆ ಕೆಲವೇ ಜನ ಸೇರ್ಕೊಂಡು ಕಾನೂನು ಮಾಡ್ಬಾರದು ಅನ್ನೋ ಕಾಳಜಿ, ಇನ್ನೊಂದು ಕಡೆ ದೊಡ್ಡ ಊರಲ್ಲಿ ಸಭೆನೇ ನಡೀದಂಗೆ ಆಗ್ಬಾರದು ಅನ್ನೋ ಕಾಳಜಿ.

ನಿಮ್ಮ ಬೈಲಾದಲ್ಲಿ ಯಾವ ಕಾಳಜಿ ಇತ್ತು ಅಂತ ತಿಳ್ಕೊಳೋಕೆ ಸಂಖ್ಯೆ ಹಾಕಿ ನೋಡಿ. ಸಂಘ ಶುರುವಾದಾಗ 60 ಜನ ಇದ್ರು ಅನ್ಕೊಳ್ಳಿ, ಮೂರನೇ ಒಂದು ಭಾಗ 20. ಹೆಚ್ಚು ಇರೋದು ತಗೊಂಡ್ರೆ 60ರಲ್ಲಿ 40 ಜನ ಬರ್ಬೇಕು, ಅಂದ್ರೆ ಮೂರರಲ್ಲಿ ಎರಡು ಭಾಗ, ಅಂಥ ಕಠಿಣ ನಿಯಮ ಬರೆದಿರ್ತಾರಾ? ಸದಸ್ಯರು 30 ಜನ ಮಾತ್ರ ಇದ್ದಿದ್ರೆ 40 ಅನ್ನೋದು ಅಸಾಧ್ಯಾನೇ. ಯಾವ ಅರ್ಥ ಹಿಡಿದ್ರೆ ನಿಯಮ ಕೆಲಸ ಮಾಡತ್ತೋ ಆ ಅರ್ಥಕ್ಕೆ ತೂಕ ಜಾಸ್ತಿ. ಆಮೇಲೆ ಹಳೇ ನಡಾವಳಿ ಪುಸ್ತಕ ತೆಗೀರಿ, ಮೊದಲ ಐದಾರು ವರ್ಷದ್ದು, ಬೈಲಾ ಬರೆದವರೇ ಆಗ ಸಭೆ ನಡೆಸಿರ್ತಾರೆ, ಅವರು ಎಷ್ಟು ಜನಕ್ಕೆ ಕೋರಂ ಆಯ್ತು ಅಂತ ಬರೆದಿದಾರೆ, ಎಷ್ಟು ಜನಕ್ಕೆ ಸಭೆ ಮುಂದೂಡಿದಾರೆ ನೋಡಿ. ಮುಂದೂಡಿದ ಸಭೆಯ ನಡಾವಳಿನೇ ಹೆಚ್ಚು ಉಪಯೋಗ, ಯಾಕಂದ್ರೆ ಅಲ್ಲಿ ಕೋರಂ ಯಾಕಿಲ್ಲ ಅಂತ ಕಾರಣ ಬರೆದಿರ್ತಾರೆ.

ಭಿನ್ನರಾಶಿದು ಸುಲಭ. 11 ಜನರ ಸಮಿತಿಗೆ ಅರ್ಧ ಅಂದ್ರೆ ಐದೂವರೆ, ಆರು ಜನ ಬೇಕು, ಐದು ಜನ ಅರ್ಧಕ್ಕಿಂತ ಕಡಿಮೆ. "ಅರ್ಧ" ಬೇರೆ, "ಅರ್ಧಕ್ಕಿಂತ ಹೆಚ್ಚು" ಬೇರೆ, 12 ಜನರಲ್ಲಿ ಮೊದಲನೇದಕ್ಕೆ 6 ಸಾಕು, ಎರಡನೇದಕ್ಕೆ 7 ಬೇಕು. ಕಷ್ಟ ಬರೋದು ಖಾಲಿ ಸ್ಥಾನ ಇದ್ದಾಗ. 11ರಲ್ಲಿ ಇಬ್ಬರು ರಾಜೀನಾಮೆ ಕೊಟ್ಟಿದ್ರೆ ಅರ್ಧ ಹಿಡಿಯೋದು 11ಕ್ಕಾ 9ಕ್ಕಾ? ಕಂಪನಿ ಕಾಯ್ದೆ 2013ರಲ್ಲಿ ನಿರ್ದೇಶಕರ ಮಂಡಳಿ ಕೋರಂ ಲೆಕ್ಕಕ್ಕೆ ಖಾಲಿ ಸ್ಥಾನ ಹಿಡಿಯಲ್ಲ, ಭಿನ್ನರಾಶಿ ಬಂದ್ರೆ ಮೇಲಕ್ಕೆ ಏರಿಸ್ತಾರೆ. ಆ ಕಾಯ್ದೆ ನಮ್ಮ ಸಂಘಗಳಿಗೆ ಅನ್ವಯ ಆಗಲ್ಲ, ಅದನ್ನ ಬಲ್ಲವರು ಹೆಂಗೆ ಯೋಚಿಸಿದಾರೆ ಅನ್ನೋದಕ್ಕೆ ನೋಡ್ಬಹುದು ಅಷ್ಟೇ. ನಿಮ್ಮ ಬೈಲಾ "ಸಮಿತಿಯ 11 ಸದಸ್ಯರಲ್ಲಿ" ಅಂತ ಸಂಖ್ಯೆನೇ ಬರೆದಿದ್ರೆ 11ಕ್ಕೇ ಲೆಕ್ಕ ಹಿಡೀರಿ, ಖಾಲಿ ಸ್ಥಾನ ಬೇಗ ತುಂಬಿ.

ಯಾರು ಹಾಜರು ಅನ್ನೋದು ಇನ್ನೊಂದು. ಗೌರವ ಸದಸ್ಯರು, ಬಾಡಿಗೆದಾರರು, ಸದಸ್ಯರ ಬದಲಿಗೆ ಬಂದ ಮಗ ಅಥವಾ ಸೊಸೆ ಇವರೆಲ್ಲ ಸಭೆಯಲ್ಲಿ ಕೂತಿರ್ತಾರೆ, ಸಹಿ ಹಾಕಿರ್ತಾರೆ, ಆದ್ರೆ ಮತದ ಹಕ್ಕು ಇಲ್ದಿದ್ರೆ ಅವರನ್ನ ಕೋರಂಗೆ ಸೇರಿಸ್ಬೇಡಿ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಪುಟ ಮಾಡಿ. ಬೈಲಾ ಅವಕಾಶ ಕೊಡದೇ ಇದ್ರೆ ವಿಡಿಯೋ ಕಾಲಲ್ಲಿ ಇದ್ದವರನ್ನೂ ಸೇರಿಸೋಕೆ ಹೋಗ್ಬೇಡಿ. ಇನ್ನು ಸಭೆ ಮುಗಿದ ಮಾರನೇ ದಿನ ಹಾಜರಿ ಪುಸ್ತಕ ಹಿಡ್ಕೊಂಡು ಮನೆ ಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬರೋದು ಇದೆಯಲ್ಲ, ಎಷ್ಟೋ ಕಡೆ ಅದು ಮಾಮೂಲಿ ಆಗ್ಬಿಟ್ಟಿದೆ, ದಯವಿಟ್ಟು ಅದೊಂದು ಮಾಡ್ಬೇಡಿ. ಅದು ಕೋರಂ ಅಲ್ಲ, ಸುಳ್ಳು ದಾಖಲೆ, ಮುಂದೆ ಯಾವತ್ತೋ ಒಬ್ಬ ಸದಸ್ಯ ಕೋರ್ಟಿಗೆ ಹೋದ್ರೆ ಕೊನೇ ಸಹಿ ಹಾಕಿದ ಅಧ್ಯಕ್ಷರು ಕಾರ್ಯದರ್ಶಿನೇ ಉತ್ತರ ಕೊಡ್ಬೇಕು.

ಸಮಯದ್ದೂ ಹೇಳ್ಬಿಡ್ತೀನಿ. ಸಭೆ ಶುರುವಿಗೆ ಕೋರಂ ಇದ್ರೆ ಸಾಕಾ, ಕೊನೇವರೆಗೂ ಬೇಕಾ? ಬಹಳ ಬೈಲಾ ಇದಕ್ಕೆ ಬಾಯೇ ಬಿಡಲ್ಲ. ಸಂಸತ್ತಿಗೆ, ವಿಧಾನಮಂಡಲಕ್ಕೆ ಸಂವಿಧಾನದಲ್ಲಿ ಇರೋದು ಏನಂದ್ರೆ ಸಭೆ ನಡೀತಿರೋ ಯಾವ ಹೊತ್ತಲ್ಲಿ ಕೋರಂ ಇಲ್ದಿದ್ರೂ ಸಭೆ ಮುಂದೂಡೋದು ಅಥವಾ ಕೋರಂ ಆಗೋವರೆಗೂ ತಡೆಯೋದು ಸಭಾಪತಿಯ ಕರ್ತವ್ಯ. ನಾವೂ ಅದೇ ಮನಸ್ಸಿನಿಂದ ನಡ್ಕೊಳೋದು ಒಳ್ಳೇದು. ನಮ್ಮಲ್ಲಿ ಭಾನುವಾರ ಹತ್ತು ಗಂಟೆಗೆ ಸಭೆ, ವಾರ ಪೂರ್ತಿ ಬೆಂಗಳೂರು ರೈಲಲ್ಲಿ ಓಡಾಡೋರಿಗೆ ಅದೊಂದೇ ದಿನ ಬಿಡುವು, ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸ್ತೀವಿ, ತಿಂದಾದ್ಮೇಲೆ ಕಾಲು ಭಾಗ ಜನ ಎದ್ದು ಹೋಗ್ತಾರೆ, ಖರ್ಚಿನ ವಿಷಯ ಬರೋದೇ ಆವಾಗ. ಅದಕ್ಕೆ ದುಡ್ಡಿನ ವಿಷಯ, ಚುನಾವಣೆ ವಿಷಯ ಇದ್ರೆ ಅಜೆಂಡಾದಲ್ಲಿ ಮೇಲೆ ಹಾಕಿ, ಮತಕ್ಕೆ ಹಾಕೋ ಮುಂಚೆ ಇನ್ನೊಂದು ಸಲ ತಲೆ ಎಣಿಸಿ, ಆ ಸಂಖ್ಯೆನ ನಿರ್ಣಯದ ಜೊತೆನೇ ಬರೀರಿ.

ಮುಂದೂಡಿದ ಸಭೆ ವಿಷಯದಲ್ಲಿ ಬಹಳ ಜನ ತಪ್ಪು ತಿಳ್ಕೊಂಡಿದಾರೆ. "ಅರ್ಧ ಗಂಟೆ ಕಾದು ಅದೇ ಜಾಗದಲ್ಲಿ ಸಭೆ ನಡೆಸಬಹುದು, ಆಗ ಕೋರಂ ಬೇಕಿಲ್ಲ" ಅಂತ ನಿಮ್ಮ ಬೈಲಾದಲ್ಲೇ ಇದ್ರೆ ಸರಿ, ನೋಟೀಸಲ್ಲೂ ಆ ಮಾತು ಹಾಕಿ. ಇಲ್ಲದಿದ್ರೆ ಅರ್ಧ ಗಂಟೆ ಅನ್ನೋದು ಎಲ್ಲಾ ಸಂಘಕ್ಕೂ ತಾನಾಗಿ ಬರೋ ಹಕ್ಕಲ್ಲ. ಕಂಪನಿಗಳಿಗೆ ಕೂಡ ಅರ್ಧ ಗಂಟೆಯಲ್ಲಿ ಕೋರಂ ಆಗದಿದ್ರೆ ಮುಂದಿನ ವಾರ ಅದೇ ದಿನ ಅದೇ ಸಮಯ ಅದೇ ಜಾಗಕ್ಕೆ ಹೋಗತ್ತೆ, ಅವತ್ತೂ ಅರ್ಧ ಗಂಟೆ ಕಾದ್ಮೇಲೆ ಬಂದವರೇ ಕೋರಂ, ಮತ್ತೆ ಸದಸ್ಯರು ಒತ್ತಾಯ ಮಾಡಿ ಕರೆಸಿದ ಸಭೆ ಆದ್ರೆ ಮುಂದಕ್ಕೆ ಹೋಗಲ್ಲ, ರದ್ದೇ ಆಗತ್ತೆ. ಮುಂದೂಡಿದ ಸಭೆಯಲ್ಲಿ ಹಳೇ ಅಜೆಂಡಾ ಮಾತ್ರ ತಗೊಳ್ಳಿ. ಜನ ಕಡಿಮೆ ಇದಾರೆ ಅಂತ "ಅಧ್ಯಕ್ಷರ ಅನುಮತಿಯಿಂದ ಇತರೆ ವಿಷಯ" ಹೆಸರಲ್ಲಿ ಹೊಸ ಖರ್ಚು ಪಾಸ್ ಮಾಡಿದ್ರೆ ಮನೆಯಲ್ಲಿ ಉಳಿದವರಿಗೆ ಮೋಸ ಮಾಡಿದಂಗೆ.

ಇಷ್ಟೆಲ್ಲ ಓದಿದ್ಮೇಲೂ ಎರಡು ಅರ್ಥ ಉಳಿದ್ರೆ? ಆವಾಗ ನನ್ನ ಮಾತು ಕೇಳಿ, ಎರಡು ಸಂಖ್ಯೆಯಲ್ಲಿ ದೊಡ್ಡದು ಯಾವುದೋ ಅಷ್ಟು ಜನ ಸೇರಿಸಿ. ಎರಡೂ ಅರ್ಥಕ್ಕೆ ಸಾಲೋಷ್ಟು ಜನ ಕೂತಿದ್ರೆ ಅರ್ಥದ ಜಗಳನೇ ಇರಲ್ಲ. ಅದು ಕಷ್ಟದ ಕೆಲಸ, ಮನೆ ಮನೆಗೆ ಹೋಗ್ಬೇಕು, ಫೋನ್ ಮಾಡ್ಬೇಕು, ವಾಟ್ಸಾಪ್ ಮೆಸೇಜ್ ನೋಡಿ ಯಾರೂ ಬರಲ್ಲ. ಹಳ್ಳಿ ಕಡೆ ಸಂಘ ಆದ್ರೆ ರಾಗಿ ಕಟಾವಿನ ವಾರ, ಡೈರಿಗೆ ಹಾಲು ಹಾಕೋ ಹೊತ್ತು ಬಿಟ್ಟು ಸಮಯ ಇಡಿ.

ಅಷ್ಟು ಜನ ಸೇರೋದೇ ಇಲ್ಲ ಅನ್ನೋ ಪರಿಸ್ಥಿತಿ ಇದ್ರೆ ಕಾರ್ಯಕಾರಿ ಸಮಿತಿ ನೋಟೀಸ್ ಹೊರಡಿಸೋ ದಿನವೇ ಒಂದು ಠರಾವು ಮಾಡ್ಲಿ, ಹೀಗೆ: "ಬೈಲಾ ಕಲಂ ಇಷ್ಟರಲ್ಲಿನ ಒಟ್ಟು ಸದಸ್ಯರು ಎಂಬ ಪದಕ್ಕೆ ನೋಟೀಸಿನ ದಿನ ಪರಿಷ್ಕೃತ ಸದಸ್ಯರ ಪುಸ್ತಕದಲ್ಲಿರುವ ಎಲ್ಲಾ ಸದಸ್ಯರು ಎಂದು ಅರ್ಥೈಸಿ, ಕೋರಂ 65 ಎಂದು ಲೆಕ್ಕ ಹಾಕಲಾಯಿತು." ಕಾರಣ ಎರಡು ಸಾಲು ಬರೀರಿ, ನೋಟೀಸಲ್ಲೂ ಕೋರಂ ಸಂಖ್ಯೆ ಹಾಕಿ. ಆಕ್ಷೇಪಣೆ ಇದ್ದವರು ಸಭೆಗೆ ಮುಂಚೆ ಲಿಖಿತವಾಗಿ ಕೊಡ್ಲಿ. ದೊಡ್ಡ ಮೊತ್ತ, ಆಸ್ತಿ, ಚುನಾವಣೆ ಇಂಥ ವಿಷಯ ಇದ್ರೆ ಸಂಘದ ಕಾನೂನು ಬಲ್ಲ ವಕೀಲರಿಗೆ ತೋರಿಸಿ, ನಾನು ವಕೀಲ ಅಲ್ಲ. ಇನ್ನೊಂದು, ಕೋರಂ ಬೇರೆ ಬಹುಮತ ಬೇರೆ, ಬೈಲಾ ತಿದ್ದುಪಡಿಗೆ "ಹಾಜರಿದ್ದವರ ಮೂರನೇ ಎರಡು ಭಾಗ" ಬೇಕಾ "ಒಟ್ಟು ಸದಸ್ಯರ ಮೂರನೇ ಎರಡು ಭಾಗ" ಬೇಕಾ ಅನ್ನೋದನ್ನ ಬೇರೆಯಾಗಿ ನೋಡ್ಬೇಕು.

ಕೋರಂ ಆಗ್ಲೇ ಇಲ್ಲ ಅಂದ್ರೆ ಬಂದವರನ್ನ ಕಳಿಸ್ಬೇಡಿ, ಮಾತಾಡಿ, ಲೆಕ್ಕಪತ್ರ ಓದಿ ಹೇಳಿ, ಮುಂದಿನ ತಾರೀಖು ಇಡಿ, ನಿರ್ಣಯ ಮಾತ್ರ ಮಾಡ್ಬೇಡಿ. ಮೋಟರ್ ಸುಟ್ಟು ನೀರು ನಿಂತಿದೆ ಅಂತಾದ್ರೆ ಸಮಿತಿಗೆ ಬೈಲಾ ಕೊಟ್ಟಿರೋ ಖರ್ಚಿನ ಮಿತಿಯಲ್ಲಿ ರಿಪೇರಿ ಮಾಡಿಸಿ, ಮುಂದಿನ ಸಭೆಯಲ್ಲಿ ಘಟನೋತ್ತರ ಮಂಜೂರಾತಿ (ಕೆಲಸ ಆದ್ಮೇಲೆ ಕೊಡೋ ಒಪ್ಪಿಗೆ) ತಗೊಳ್ಳಿ.

ಕಡೆಗೆ ಬೈಲಾ ತಿದ್ದಲೇಬೇಕು. ನೆನಪಿರ್ಲಿ, ತಿದ್ದುಪಡಿ ಮಾಡೋ ಸಭೆಗೂ ಹಳೇ ಸಾಲಿನ ಕೋರಂನೇ ಬೇಕು, ಅದಕ್ಕೆ ಆ ಸಭೆಗಂತೂ ದೊಡ್ಡ ಸಂಖ್ಯೆನೇ ಸೇರಿಸಿ. ನಾವು ಎರಡು ಭಾನುವಾರ ಬೀದಿ ಬೀದಿ ಸುತ್ತಿ 69 ಜನರನ್ನ ಸೇರಿಸಿದ್ವಿ, ವಂತಿಗೆ ಬೇಡ ಅಂದಿದ್ದವರೂ ನಮ್ಮ ಜೊತೆ ಸುತ್ತಿದ್ರು. ಪಾಸ್ ಆಗಿದ್ದು ಇದು:

"ನೋಟೀಸು ಹೊರಡಿಸಿದ ದಿನ ಮತದಾನದ ಹಕ್ಕುಳ್ಳ ಸದಸ್ಯರ ಮೂರನೇ ಒಂದು ಭಾಗ ಅಥವಾ 40 ಸದಸ್ಯರು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಖುದ್ದಾಗಿ ಹಾಜರಿದ್ದರೆ ಸರ್ವ ಸದಸ್ಯರ ಸಭೆಗೆ ಕೋರಂ ಆಗುತ್ತದೆ. ಭಿನ್ನರಾಶಿ ಬಂದಲ್ಲಿ ಮುಂದಿನ ಪೂರ್ಣ ಸಂಖ್ಯೆಗೆ ಏರಿಸತಕ್ಕದ್ದು. ಸಭೆ ಪ್ರಾರಂಭಕ್ಕೂ ಪ್ರತಿ ನಿರ್ಣಯವನ್ನು ಮತಕ್ಕೆ ಹಾಕುವಾಗಲೂ ಕೋರಂ ಇರತಕ್ಕದ್ದು. ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದಲ್ಲಿ ಸಭೆಯನ್ನು ಮುಂದಿನ ವಾರ ಅದೇ ದಿನ, ಅದೇ ಸಮಯ, ಅದೇ ಸ್ಥಳಕ್ಕೆ ಮುಂದೂಡತಕ್ಕದ್ದು. ಅಂದು ಹಾಜರಿದ್ದವರೇ ಕೋರಂ, ಆದರೆ ಮೊದಲ ನೋಟೀಸಿನ ವಿಷಯಗಳನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು."

ಇದನ್ನೇ ಹಂಗೆ ತಗೋಬೇಡಿ, 40 ಅನ್ನೋದು ನಮ್ಮ ಬಡಾವಣೆಗೆ ಸರಿ ಹೋದ ಸಂಖ್ಯೆ, ನಿಮ್ಮ ಹಳೇ ಹಾಜರಿ ಪುಸ್ತಕ ನೋಡಿ ಐದು ವರ್ಷದಲ್ಲಿ ನಿಜವಾಗಿ ಎಷ್ಟು ಜನ ಬಂದಿದಾರೋ ಅದಕ್ಕೆ ತಕ್ಕಂಗೆ ಇಟ್ಕೊಳ್ಳಿ. ಪಾಸ್ ಆದ ತಿದ್ದುಪಡಿನ ನಡಾವಳಿ ನಕಲು, ಹಾಜರಿ ಪಟ್ಟಿ, ನೋಟೀಸ್ ಕಾಪಿ ಜೊತೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಿ, ಅಲ್ಲಿ ದಾಖಲಾಗಿ ನಕಲು ಕೈಗೆ ಬರೋವರೆಗೂ ಹಳೇ ಸಾಲಿನ ಪ್ರಕಾರನೇ ಸಭೆ ನಡೆಸಿ. ನಕಲು ಬಂದ ದಿನ ನಾನು ಆ ಪುಟನ ಹಾಜರಿ ಪುಸ್ತಕದ ರಟ್ಟಿನ ಒಳಗಡೆ ಅಂಟಿಸಿದೆ, ಸಹಿ ಹಾಕೋಕೆ ಪುಸ್ತಕ ತೆರೆದವರಿಗೆ ಮೊದಲು ಕಾಣೋದೇ ಅದು.